ಹದ್ದಿನ ಕಣ್ಣು, ಪೆಸಮಿನೊನ ಕಿವಿ

ಇದು ನಡೆದದ್ದೇ. ಒಂದಕ್ಷರ ಸುಳ್ಳಿದ್ದರೂ ನನ್ನ ಬಸ್ಸಿನ ಹಾರ್ನ್ ಇನ್ನು ಮುಂದೆ ಕೂಗದಿರಲಿ. ಅದು ಈಗಲೂ ಕೂಗುವುದಿಲ್ಲವಲ್ಲ ಎಂದು ಮೂಗು ಮುರಿಯಬೇಡಿ. ಅದು ಉಪ್ಪುಗಾಳಿಗೆ ಕೆಟ್ಟದ್ದು, ನನ್ನ ಬಾಯಿಗಲ್ಲ.

ಪೆಸಮಿನೊ ನನ್ನ ಪಕ್ಕದ ಮನೆಯವನು. ಸಮೋವಾದ ಸವಾಯಿ ದ್ವೀಪದಲ್ಲಿ ನಮ್ಮ ಸಾಫಲೂಮ ಹಳ್ಳಿಗೆ ಬೇರೆ ಯಾವ ಖ್ಯಾತಿಯೂ ಇಲ್ಲ, ಅವನ ಗಂಟಲಿನಿಂದ ಬಂದ ಹೆಸರೇ ಹೆಸರು. ನಮ್ಮ ಮಟಾಯಿಗಳು, ಅಂದರೆ ಒಂದೊಂದು ಮನೆತನದ ಭಾರ ಹೊತ್ತ ಯಜಮಾನರು, ಕಾವಾ ಎಂಬ ಬೇರಿನ ಪಾನೀಯ ಕುಡಿಯಲು ಸಭೆಮನೆಯಲ್ಲಿ ಕೂತಾಗ ಈಗ ಯಾರ ಸರದಿ ಎಂದು ಕೂಗಿ ಹೇಳುವುದು ಅವನ ಕೆಲಸ. ಅವನಪ್ಪ ಕೂಗುತ್ತಿದ್ದ, ಅಪ್ಪನ ಅಪ್ಪ ಕೂಗುತ್ತಿದ್ದ. ಇದೇನು ಮಹಾ, ಹೆಸರು ಕೂಗುವುದು ತಾನೆ ಅಂದುಕೊಂಡಿರಾ? ಹೆಸರು ಕೂಗುವಂತೆಯೇ ಇಲ್ಲ. ಪ್ರತಿ ಮಟಾಯಿಯ ಬಟ್ಟಲಿಗೂ ಅಜ್ಜಂದಿರು ಇಟ್ಟ ಬೇರೊಂದು ಹೆಸರಿರುತ್ತದೆ. ನಮ್ಮ ಹಿರಿಯ ಮಟಾಯಿ ಮಾಲಾಫು ಅವರ ಬಟ್ಟಲು ‘ಮೋಡ ಸೀಳಿದ ಗಾಳಿ’. ಅದನ್ನು ತಪ್ಪಾಗಿ ಕೂಗಿದರೆ ಮಟಾಯಿಯ ವಂಶವನ್ನೇ ಬೈದ ಹಾಗೆ.

ಪಕ್ಕದ ಲೋತೊಪಾ ಹಳ್ಳಿಯವರು ಗಡಿಯ ತೆಂಗಿನ ಮರಗಳ ಜಗಳ ಮುಗಿಸಲು ನಮ್ಮಲ್ಲಿಗೆ ಬಂದರು. ಅವರ ಹಿರಿಯ ಸಾಗಾಲು. ಎದೆಯೇ ಒಂದು ಬಾಗಿಲಿನಷ್ಟು ಅಗಲ. ಸರದಿ ಅವರದಾದಾಗ ನಮ್ಮ ಮಾತುಗಾರ ಹಿರಿಯ, ಬಲಗಡೆ ಕೂತಿದ್ದವನು, ಪೆಸಮಿನೊನ ಕಿವಿಯಲ್ಲಿ ಬಟ್ಟಲ ಹೆಸರು ಪಿಸುಗುಟ್ಟಿದ: ‘ಹದ್ದಿನ ಕಣ್ಣು.’ ಪೆಸಮಿನೊ ಎದೆಯುಬ್ಬಿಸಿ, ತೆಂಗಿನ ತೋಟದಾಚೆಗೂ ಮುಟ್ಟುವ ಹಾಗೆ ಕೂಗಿದ:

“ಹಂದಿಯ ಹುಣ್ಣು! ನಿಮ್ಮ ಬಟ್ಟಲು ಬಂತು!”

ಸಾಗಾಲು ಎದ್ದು ನಿಂತರು. ಅವರ ಹಿಂದೆ ಇಡೀ ಲೋತೊಪಾ ಎದ್ದು ನಿಂತಿತು. ನಮ್ಮವರು ಕೈ ಮುಗಿದು, ಕಾಲು ಹಿಡಿದು, ನಿಜವಾದ ಹಂದಿಗಳನ್ನೇ ಕೊಟ್ಟು, ಕೊನೆಗೆ ಮಾಲಾಫು ಅವರೇ ಕ್ಷಮೆ ಕೇಳುವ ನಮ್ಮ ಪದ್ಧತಿಯಂತೆ ತಲೆಗೆ ಚಾಪೆ ಹೊದ್ದು ಬಗ್ಗಿ ಕೂತ ಮೇಲೆ ಅವರು ಮನೆಗೆ ಹೋದರು. ಪೆಸಮಿನೊ ಮಾತ್ರ, “ನಂಗೂ ವಿಚಿತ್ರ ಅನ್ಸ್ತು. ಆದ್ರೆ ಲೋತೊಪಾದೋರಲ್ವಾ, ಇಟ್ಕೊಂಡಿರ್ಬೋದು ಅಂದ್ಕೊಂಡೆ,” ಎಂದ.

ಸಭೆ ಕೂತು ತೀರ್ಪು ಕೊಟ್ಟಿತು. ಹೊಸ ಸಭೆಮನೆ ತೆರೆಯುವ ದಿನ ಲೋತೊಪಾದವರು ಮತ್ತೆ ಬರುತ್ತಾರೆ. ಅಷ್ಟರೊಳಗೆ ಪೆಸಮಿನೊ ಕಿವಿ ತೋರಿಸಿಕೊಂಡು, ಸರಿಯಿದೆ ಎಂದು ಡಾಕ್ಟರ ಬಾಯಿಂದ ಹೇಳಿಸಬೇಕು. ಇಲ್ಲವಾದರೆ ಬಟ್ಟಲು ಕೂಗುವುದು ಅವನ ಹೆಂಡತಿಯ ತಮ್ಮ ಅಲೆಸಾನ. ಅಲೆಸಾನನದು ಬೆಣ್ಣೆ ಸವರಿದ ದನಿ. ಒಮ್ಮೆ ರೇಡಿಯೋದಲ್ಲಿ ಸಾವಿನ ಸುದ್ದಿ ಓದಿದ್ದ. ಅಂದಿನಿಂದ ಬೆಳಗಿನ ಕೊಕೊ ಬೇಕು ಅನ್ನುವುದನ್ನೂ ಯಾರೋ ತೀರಿಕೊಂಡ ಹಾಗೆ ಹೇಳುತ್ತಾನೆ.

ಪೆಸಮಿನೊ ಮನೆಗೆ ಬಂದು ಕುದಿದ. “ನನ್ ಕಿವಿಗೇನಾಗಿದೆ? ಈಗಿನ್ ಕಾಲದ ಜನ ಬಾಯೊಳಗೇ ಮಾತಾಡ್ತಾರೆ, ಅಷ್ಟೇ!”

ಅವನ ಹೆಂಡತಿ ಸಿನಾಪತಿ. ಹೆಸರಿಗೆ ಸಿನಾಪತಿ, ಮನೆಗೆ ಸೇನಾಪತಿ. ಆಕೆ ನನ್ನ ಕಡೆ ತಿರುಗಿ ಹಣೆ ಚಚ್ಚಿಕೊಂಡಳು. “ನೋಡಣ್ಣ, ನೆನ್ನೆ ಕೊಕೊ ಬೇಕಾ ಅಂದೆ. ಕೋಳಿ ಹೋಯ್ತಾ ಅಂತ ಬೀದಿಗೆ ಓಡ್ದ. ಕೋಳಿ ಹಿಡ್ಕೊಂಡೇ ಬಂದ! ಅದು ನಮ್ ಕೋಳೀನೂ ಅಲ್ಲ, ಪಾದ್ರಿಗಳ ಕೋಳಿ! ಕಳ್ಳತನಕ್ಕೆ ಕ್ಷಮೆ ಕೇಳೋಕೆ ನಾನ್ ಹೋಗ್ಬೇಕಾಯ್ತು.”

“ಕೋಳಿ ಬಗ್ಗೆ ಏನೋ ಅಂತಿದ್ದಾಳೆ ನೋಡು,” ಎಂದ ಪೆಸಮಿನೊ ನನಗೆ, ಗೆದ್ದವನ ಹಾಗೆ. “ಕೇಳುಸ್ತು ನಂಗೆ!”

ಹಡಗುಕಟ್ಟೆ ಪಟ್ಟಣದ ಆಸ್ಪತ್ರೆಗೆ ಆ ತಿಂಗಳು ಗ್ಲೆನಿಸ್ ಎಂಬ ಡಾಕ್ಟರಮ್ಮ ಬಂದಿದ್ದರು, ನ್ಯೂಜಿಲೆಂಡಿನಿಂದ. ಆ ದೇಶದವರನ್ನು ಜಗತ್ತೆಲ್ಲ ಕಿವಿ ಅಂತಲೇ ಕರೆಯುತ್ತದೆ. ಕಿವಿ ನೋಡಲು ಕಿವಿಯನ್ನೇ ಕಳಿಸಿದ್ದಾರೆ, ಇದಕ್ಕಿಂತ ಒಳ್ಳೆಯ ಏರ್ಪಾಡು ಉಂಟೇ ಎಂದು ಪೆಸಮಿನೊನನ್ನು ನನ್ನ ಬಸ್ಸಿಗೆ ಹತ್ತಿಸಿದೆವು. ಅಲೆಸಾನನೂ ಹತ್ತಿದ. “ಭಾವಂಗೆ ಒಂದು ಆಸರೆ ಬೇಕಲ್ಲ,” ಎಂದ, ಹೆಣದ ಮುಂದೆ ನಿಂತವನಂತೆ.

ಡಾಕ್ಟರಮ್ಮ ಮೊದಲು ಸಣ್ಣ ದೀಪ ಹಿಡಿದು ಎರಡೂ ಕಿವಿಯೊಳಗೆ ಇಣುಕಿ ಒಂದಿಷ್ಟು ಗುಗ್ಗೆ ತೆಗೆದರು. ಆಮೇಲೆ ಪೆಸಮಿನೊನನ್ನು ಗಾಜಿನ ಕಿಟಕಿಯ ಪುಟ್ಟ ಕೋಣೆಯಲ್ಲಿ ಕೂರಿಸಿ, ಕಿವಿಗೆ ದಪ್ಪ ಚಿಪ್ಪುಗಳನ್ನು ಹಾಕಿ, ತಾವು ಅವನ ಬೆನ್ನ ಹಿಂದೆ ಯಂತ್ರದ ಮುಂದೆ ಕೂತರು. ತಮ್ಮ ಕೈ ಅವನಿಗೆ ಕಾಣಬಾರದಂತೆ, ಕಂಡರೆ ಜನ ಕೈ ನೋಡಿ ಉತ್ತರ ಕೊಡುತ್ತಾರಂತೆ. ನಮ್ಮವಳೇ ಆದ ನರ್ಸ್ ಲೀಟಾ, “ಮಾಮ, ಒಳಗೆ ಕುಂಯ್ ಅಂತ ಸದ್ದು ಬರುತ್ತೆ. ಕೇಳ್ಸಿದಾಗೆಲ್ಲ ಹೂಂ ಅಂತ ಸನ್ನೆ ಮಾಡಿ,” ಎಂದು ಹೇಳಿ ಹೊರಗೆ ಅಳುತ್ತಿದ್ದ ಒಂದು ಮಗುವಿನ ಕಿವಿ ನೋಡಲು ಓಡಿದಳು.

ನಾನು ಎದುರಿನ ಜಗಲಿಯ ಬೆಂಚಿನ ಮೇಲೆ ಕೂತಿದ್ದೆ. ಗಾಜಿನಲ್ಲಿ ಅವನ ಮುಖ ನಿಚ್ಚಳವಾಗಿ ಕಾಣುತ್ತಿತ್ತು. ನಮ್ಮಲ್ಲಿ ಹೂಂ ಅನ್ನಲು ಬಾಯಿ ತೆರೆಯುವವನು ಪೆದ್ದ. ಹುಬ್ಬು ಯಾತಕ್ಕಿದೆ? ಊಟ ಆಯಿತೇ, ಹುಬ್ಬು ಮೇಲೆ. ಮದುವೆಗೆ ಒಪ್ಪಿಗೆಯೇ, ಹುಬ್ಬು ಮೇಲೆ. ಕನ್ನಡಿಯಲ್ಲಿ ಜನರ ಹುಬ್ಬು ನೋಡಿಯೇ ನಾನು ಬಸ್ ನಿಲ್ಲಿಸುವುದು. ಪೆಸಮಿನೊ ಅಂದು ಹಾರಿಸಿದ ಹಾಗೆ ಹುಬ್ಬು ಹಾರಿಸಿದವರನ್ನು ನಾನು ಜನ್ಮದಲ್ಲಿ ನೋಡಿಲ್ಲ. ಸಣ್ಣ ಸದ್ದಿಗೆ ಸಣ್ಣಗೆ, ದೊಡ್ಡ ಸದ್ದಿಗೆ ಕೂದಲಿನ ಬುಡದವರೆಗೆ. ಆಮೇಲಾಮೇಲೆ ಸದ್ದು ಎಷ್ಟು ಜೋರಾಯಿತೋ ಏನೋ, ಹುಬ್ಬಿನ ಜೊತೆ ಅವನೂ ಕುರ್ಚಿಯಿಂದ ಒಂದು ಗೇಣು ಹಾರುತ್ತಿದ್ದ.

ಡಾಕ್ಟರಮ್ಮನಿಗೆ ಕಾಣುತ್ತಿದ್ದದ್ದು ಅವನ ಹಿಂದಲೆ ಎಂಬುದು ನನಗೆ ಹೊಳೆದದ್ದು ಎಷ್ಟೋ ದಿನದ ಮೇಲೆ. ಹಿಂದಲೆಗೆ ಹುಬ್ಬಿಲ್ಲ.

ಹೊರಗೆ ಬಂದಾಗ ಆಕೆಯ ಮುಖ ಬಾಡಿತ್ತು. ಪೆಸಮಿನೊನ ಭುಜದ ಮೇಲೆ ಕೈಯಿಟ್ಟು ಏನೋ ಹೇಳಿದರು. ಲೀಟಾ ಓಡಿಬಂದು ಕೇಳಿಸಿಕೊಂಡು ಬಾಯಿಯ ಮೇಲೆ ಕೈಯಿಟ್ಟಳು. “ಅಯ್ಯೋ ಮಾಮ... ಯಂತ್ರದಲ್ಲಿರೋ ಅತಿ ದೊಡ್ಡ ಸದ್ದು ಹಾಕಿದ್ರೂ ನೀವು ಸನ್ನೆ ಮಾಡ್ಲಿಲ್ವಂತೆ. ಎರಡೂ ಕಿವಿ ಪೂರ್ತಿ ಹೋಗಿವೆ ಅಂತಿದ್ದಾರೆ. ಆಗಾಗ ಹಾರಿದ್ರಂತೆ, ಅದು ಕುರ್ಚಿಯ ಮೊಳೆ ಚುಚ್ಚಿರ್ಬೇಕು ಅಂತಾರೆ.”

“ಏನ್ ಹೋಗಿದೆ? ಯಂತ್ರದ್ದೇ ತಲೆ ಹೋಗಿರ್ಬೇಕು!” ಎಂದು ಪೆಸಮಿನೊ ಗುಡುಗಿದ.

“ನೋಡಿ, ಎಷ್ಟು ಗಟ್ಟಿ ಮಾತಾಡ್ತಾರೆ,” ಎಂದರು ಡಾಕ್ಟರಮ್ಮ ಕನಿಕರದಿಂದ. “ತಮ್ಮ ದನಿ ತಮಗೇ ಕೇಳ್ಸದೋರು ಹೀಗೇ ಮಾಡೋದು.”

ಅದೇ ಬಸ್ಸಿನಲ್ಲಿ, ಮುಂದಿನ ಸೀಟಿನಲ್ಲಿ ಕೂತು, ಅಲೆಸಾನ ಸುದ್ದಿ ಓದಿದ. “ನಮ್ಮ ಪ್ರೀತಿಯ ಭಾವ ಪೆಸಮಿನೊ ಅವರ ಎರಡೂ ಕಿವಿಗಳು...” ಬಸ್ ಊರು ಮುಟ್ಟುವುದರೊಳಗೆ ಹೆಂಗಸರೆಲ್ಲ ಅತ್ತು ಮುಗಿಸಿದ್ದರು.

ಮುಂದಿನ ಕಥೆ ಕೇಳಬೇಕು ನೀವು. ಊರಿಗೆ ಊರೇ ಪೆಸಮಿನೊನ ಹತ್ತಿರ ಕೈಸನ್ನೆ ಶುರು ಮಾಡಿತು. ಉಂಡೆಯಾ ಎಂದು ಕೇಳಲು ಹೊಟ್ಟೆ ತಟ್ಟುವುದು, ಮಳೆ ಬರುತ್ತದೆ ಎನ್ನಲು ಬೆರಳು ಕುಣಿಸುವುದು. ಪಾದ್ರಿಗಳು ಭಾನುವಾರ ಅವನ ಕಿವಿಗಳ ಆತ್ಮಶಾಂತಿಗೆ ಪ್ರಾರ್ಥನೆ ಮಾಡಿದರು. ಆಕ್ಲೆಂಡಿನಲ್ಲಿರುವ ಅವನ ಅಕ್ಕ ಫೋನು ಮಾಡಿ ಅಲ್ಲಿಂದ ಹಾಕಿದ ಕೂಗಿಗೆ ಫೋನೇ ಬೇಕಿರಲಿಲ್ಲ, ಸಮುದ್ರದ ಮೇಲೆಯೇ ಬಂದು ಮುಟ್ಟುತ್ತಿತ್ತು. ಪೆಸಮಿನೊ, “ಕೇಳುಸ್ತಿದೆ ಕಣ್ರೋ! ಸುಮಾರಾಗಿ ಕೇಳುಸ್ತಿದೆ!” ಎಂದು ಬೀದಿಬೀದಿಯಲ್ಲಿ ಅರಚಿದ. ಜನ, “ಪಾಪ, ಒಪ್ಕೊಳ್ಳೋಕೆ ಮನಸ್ಸಿಲ್ಲ,” ಎಂದು ಕಣ್ಣೊರೆಸಿಕೊಂಡರು. “ಏನ್ರೀ ನೀವು?” ಎಂದು ಅವನು ಕೇಳಿದರೆ ಹೊಟ್ಟೆ ತಟ್ಟಿ ತೋರಿಸಿದರು.

ಸಾಫಲೂಮದಲ್ಲಿ ಮೊಬೈಲು ಸರಿಯಾಗಿ ಹತ್ತುವುದು ಒಂದೇ ಕಡೆ, ಪೆಸಮಿನೊನ ಮನೆಯ ಮುಂದಿನ ಹಲಸಿನಂಥ ದೀವಿಹಲಸಿನ ಮರದ ಕೆಳಗೆ. ಹಿಂದೆ ಅಲ್ಲಿ ಪಿಸುಮಾತೇ ಆಡುತ್ತಿದ್ದರು, ಅವನು ಹೊಸ್ತಿಲಲ್ಲಿ ಕೂತು ತೆಂಗಿನಕಾಯಿ ತುರಿಯುತ್ತಿರುತ್ತಾನಲ್ಲ ಎಂದು. ಈಗೇನು ಭಯ? ಪಾದ್ರಿಗಳು ಬಂದು ರಾಜಧಾನಿ ಆಪಿಯಾದಲ್ಲಿರುವ ತಮ್ಮನಿಂದ ಮುಂದಿನ ಭಾನುವಾರದ ಪ್ರವಚನವನ್ನು ಸಾಲುಸಾಲಾಗಿ ಹೇಳಿಸಿಕೊಂಡು ಬಾಯಿಪಾಠ ಮಾಡಿದರು. ಅಲೆಸಾನ ಗೆಳೆಯನಿಗೆ ಫೋನು ಮಾಡಿ ಭಾವನ ಎದುರೇ, “ಬಟ್ಟಲು ಕೂಗೋದು ಹೂವೆತ್ತಿದಂಗೆ ಕಣೋ, ಮುದುಕ್ರು ಅರ್ಧ ನಿದ್ದೇಲಿರ್ತಾರೆ,” ಎಂದು ನಕ್ಕ.

ಎಲ್ಲಕ್ಕಿಂತ ಹೆಚ್ಚು ಬಂದವರು ಹಿರಿಯ ಮಟಾಯಿ ಮಾಲಾಫು. ಅವರಿಗೆ ಸಕ್ಕರೆ ಕಾಯಿಲೆ. ಹೆಂಡತಿ ಸೆಫಿನಾ ಅವರ ಮುಂದೆ ಬೇಯಿಸಿದ ಸೊಪ್ಪು ಬಿಟ್ಟು ಬೇರೇನನ್ನೂ ಇಡುತ್ತಿರಲಿಲ್ಲ. ಮಾಲಾಫು ಪಟ್ಟಣದ ಬೇಕರಿಗೆ ಫೋನು ಮಾಡಿ ಹೇಳಿದ್ದಿಷ್ಟು, ಬೇಕರಿಯವಳೇ ನನಗೆ ಆಮೇಲೆ ಹೇಳಿದಳು: “ಕೆನೆ ತುಂಬಿದ ಬನ್ನು ಎರಡು. ಮೆತ್ತಗಿರ್ಲಿ. ಬಸ್ಸಲ್ಲಿ ಕಳ್ಸು. ನನ್ ಹೆಂಡ್ತಿ ಕಣ್ಣಿಗೆ ಬೀಳ್ಬಾರ್ದು.”

ಪೆಸಮಿನೊನ ಕಿವಿಗೆ ಬಿದ್ದದ್ದು: “ಕೆನ್ನೆ ತುಂಬಿದ ಹೆಣ್ಣು ಎರಡು. ಮೆತ್ತಗಿರ್ಲಿ. ಬಸ್ಸಲ್ಲಿ ಕಳ್ಸು.”

ಅವನು ನನ್ನ ಮನೆಗೆ ಓಡಿ ಬಂದ. ಗುಟ್ಟು ಹೇಳಬೇಕೆಂದು ದನಿ ತಗ್ಗಿಸಿದ, ನನ್ನ ಕೋಳಿಗಳು ಹಾರಿ ಮರ ಹತ್ತಿದವು. “ಥೂ, ನಿಂಗೆ ನಾಚ್ಕೆ ಆಗಲ್ವಾ? ನಿನ್ ಬಸ್ಸಲ್ಲೇ ತರ್ತೀಯಂತೆ!”

“ಏನ್ ತರ್ತೀನಿ ಮಾರಾಯ?”

“ಬಾಯಲ್ಲಿ ಹೇಳೋ ಮಾತಾ ಅದು!” ಎಂದವನೇ ಹೊರಟುಹೋದ. ನಾನು ವಾರಕ್ಕೊಮ್ಮೆ ಮಾಲಾಫು ಅವರಿಗೆ ಎಲೆ ಸುತ್ತಿದ ಪೊಟ್ಟಣ ತರುತ್ತಿದ್ದೆ ನಿಜ. ಗಾಳದ ದಾರ ಅಂತ ಅವರೇ ಹೇಳಿದ್ದರು. ಗಾಳದ ದಾರಕ್ಕೆ ಇವನಿಗ್ಯಾಕೆ ನಾಚಿಕೆ ಎಂದು ತಲೆ ಕೆರೆದುಕೊಂಡೆ.

ಇದರ ನಡುವೆ ಲೀಟಾಳ ಫೋನು ಬಂತು. “ಸಿನಾಪತಿ ಅತ್ತೆ, ನಂಗೆ ನಿದ್ದೆ ಬರ್ತಿಲ್ಲ. ಮಾಮ ಒಂದ್ಸಲನಾದ್ರೂ ಕೈ ಎತ್ಬೇಕಿತ್ತಲ್ವಾ?”

“ಕೈಯಾ? ಕೈ ಎತ್ತು ಅಂದೋರ್ ಯಾರು?” ಎಂದಳು ಸಿನಾಪತಿ.

ಫೋನಿನ ಆ ಕಡೆ ಲೀಟಾ, “ಅಯ್ಯಯ್ಯೋ, ಹುಬ್ಬು!” ಎಂದು ಹಣೆ ಬಡಿದುಕೊಂಡ ಸದ್ದು ಇಲ್ಲಿಗೇ ಕೇಳಿಸಿತು.

ಮತ್ತೆ ಬಸ್ಸು, ಮತ್ತೆ ಆಸ್ಪತ್ರೆ, ಆಸರೆಗೆ ಮತ್ತೆ ಅಲೆಸಾನ. ದಾರಿಯುದ್ದಕ್ಕೂ ಸಿನಾಪತಿ, “ಕೈ ಎತ್ಬೇಕು. ತಿಳೀತಾ? ಕೈ. ಒಂದೂ ಬಿಡ್ಬಾರ್ದು,” ಎಂದು ತಿದ್ದಿದ್ದಳು. ಪೆಸಮಿನೊ ಒಂದೂ ಬಿಡಲಿಲ್ಲ. ಸದ್ದು ಬಂದರೆ ಎತ್ತಿದ. ಬಂದಿರಬಹುದು ಅನ್ನಿಸಿದರೆ ಎತ್ತಿದ. ಇಷ್ಟು ಹೊತ್ತಾಯಿತು, ಇನ್ನೇನು ಬರುತ್ತದೆ ಎಂದು ಮುಂಚಿತವಾಗಿಯೇ ಎತ್ತಿದ. ಹೊಟ್ಟೆ ಗುರ್ ಎಂದರೂ ಎತ್ತಿದ. ಹಿಂದೆ ಡಾಕ್ಟರಮ್ಮ ಯಂತ್ರವನ್ನು ತಟ್ಟಿ ನೋಡಿದರು, ವಯರು ಎಳೆದು ನೋಡಿದರು, ಕೊನೆಗೆ ಗುಂಡಿ ಒತ್ತಿ ನಿಲ್ಲಿಸಿಯೇ ಬಿಟ್ಟರು. ಅವನ ಕೈ ಮಾತ್ರ ಬಸ್ ನಿಲ್ಲಿಸುವವನ ಹಾಗೆ ಏಳುತ್ತಲೇ ಇತ್ತು.

ಆಕೆ ಹೊರಗೆ ಬಂದು ಕುರ್ಚಿಗೆ ಒರಗಿ ಕಣ್ಣು ಮುಚ್ಚಿದರು. “ನಾನು ಯಂತ್ರ ಆರಿಸಿದ ಮೇಲೂ ಇವರಿಗೆ ಸದ್ದು ಕೇಳಿಸುತ್ತಿದೆ. ಈ ಪರೀಕ್ಷೆ ನಂಬೋ ಹಾಗಿಲ್ಲ. ಗುರುವಾರ ಮತ್ತೆ ಬನ್ನಿ, ದಯವಿಟ್ಟು ಹೊಟ್ಟೆ ತುಂಬ ತಿಂದು ಬನ್ನಿ,” ಎಂದು ಲೀಟಾಳ ಕೈಲಿ ಹೇಳಿಸಿದರು.

ಅಲೆಸಾನ ಮೊದಲನೆಯ ವಾಕ್ಯ ಕೇಳಿಸಿಕೊಂಡು ಬಿಳಿಚಿಕೊಂಡ. ಎರಡನೆಯದಕ್ಕೆ ನಿಲ್ಲಲಿಲ್ಲ. ಹೊರಗೆ ಓಡಿ ಊರಿಗೆ ಫೋನು ಹಚ್ಚಿದ. “ಎಲ್ರೂ ಕೇಳಿ! ಭಾವಂಗೆ ಕೇಳ್ಸುತ್ತೆ! ಯಂತ್ರ ಆರ್ಸಿದ್ರೂ ಕೇಳ್ಸುತ್ತಂತೆ! ಇರದ ಸದ್ದೂ ಕೇಳ್ಸುತ್ತಂತೆ! ಮರದ್ ಕೆಳ್ಗೆ ಯಾರ್ಯಾರು ಏನೇನ್ ಮಾತಾಡಿದ್ದೀರೋ...” ಆ ಒಂದು ಸಲ ಅವನ ದನಿಯಲ್ಲಿ ಬೆಣ್ಣೆ ಇರಲಿಲ್ಲ.

ನಾವು ಊರಿಗೆ ಬಂದಾಗ ಪೆಸಮಿನೊನ ಮನೆ ಮುಂದೆ ಸಂತೆ. ಪಾದ್ರಿಗಳು ತಾವೇ ಕೋಳಿ ಹಿಡಿದು ನಿಂತಿದ್ದರು. ಅವತ್ತು ಅವನು ಕದ್ದದ್ದೆಂದು ವಾಪಸು ಪಡೆದ ಅದೇ ಕೋಳಿ! “ತಮ್ಮಂದಿರು ಅಣ್ಣಂದಿರಿಗೆ ಸಹಾಯ ಮಾಡೋದು ದೇವರಿಗೂ ಇಷ್ಟವೇ, ಅಲ್ವಾ ಪೆಸಮಿನೊ?” ಎಂದರು. ಇನ್ನು ಕೆಲವರು ಗೆಡ್ಡೆಗೆಣಸಿನ ಬುಟ್ಟಿ, ಡಬ್ಬಿ ಮೀನು, ಹೆಣೆದ ಚಾಪೆ ಇಟ್ಟು, ಕಣ್ಣು ತಪ್ಪಿಸಿ ಹೋದರು. ಪೆಸಮಿನೊನಿಗೆ ತಲೆಬುಡ ತಿಳಿಯಲಿಲ್ಲ. “ಕಿವುಡ ಅಂದಾಗ ಅತ್ರು, ಈಗ ಕೋಳಿ ಕೊಡ್ತಾರೆ. ಇವ್ರಿಗೆ ಏನಾಗಿದೆ? ಇವ್ರನ್ನ ಯಾವ್ ಡಾಕ್ಟ್ರಿಗೆ ತೋರ್ಸೋದು?”

ಕೊನೆಗೆ ಮಾಲಾಫು ಬಂದರು, ಕಂಕುಳಲ್ಲಿ ಮರಿಹಂದಿ. ಮರದ ಕೆಳಗೆ ಅವನನ್ನು ಕೂರಿಸಿಕೊಂಡರು. ನಾನು ಬಸ್ಸಿನ ಟೈರು ನೋಡುವ ನೆಪದಲ್ಲಿ ಹತ್ತಿರವೇ ಬಗ್ಗಿದ್ದೆ.

“ನೋಡಪ್ಪಾ ಪೆಸಮಿನೊ, ಇಲ್ಲಿ ಏನ್ ಕೇಳಿದ್ಯೋ ಅದು ನಿನ್ ಹೊಟ್ಟೇಲೇ ಇರ್ಲಿ.”

“ಹೊಟ್ಟೇಲಿಟ್ಕೊಳ್ಳೋ ವಿಷ್ಯನಾ ಮಾಲಾಫು ಅವ್ರೇ? ಈ ವಯಸ್ಸಲ್ಲಿ!”

“ವಯಸ್ಸಾದೋನಿಗೇ ಅಲ್ವೇನಯ್ಯ ಆಸೆ ಜಾಸ್ತಿ? ಹಲ್ಲು ಹೋದ್ಮೇಲೆ ಮೆತ್ತಗಿರೋದೇ ಬೇಕನ್ಸುತ್ತೆ.”

ಪೆಸಮಿನೊ ಎರಡೂ ಕೈಯಲ್ಲಿ ಮುಖ ಮುಚ್ಚಿಕೊಂಡ. “ಒಂದಲ್ಲ, ಎರಡೆರಡು!”

“ಹೋದ್ವಾರ ನಾಲ್ಕು,” ಎಂದರು ಮಾಲಾಫು ತಲೆ ತಗ್ಗಿಸಿ. “ನಿನ್ ಹತ್ರ ಸುಳ್ಯಾಕೆ? ಎರಡನ್ನ ಬಂದ ತಕ್ಷಣ ಮುಗ್ಸ್ದೆ. ಎರಡನ್ನ ದೋಣಿಮನೇಲಿ ಬುಟ್ಟಿ ಕೆಳ್ಗೆ ಬಚ್ಚಿಟ್ಟೆ.”

“ಮುಗ್ಸ್ದ್ರಾ!” ಪೆಸಮಿನೊ ಒಂದು ಮಾರು ಹಿಂದೆ ಸರಿದ. “ಬುಟ್ಟಿ ಕೆಳ್ಗೆ ಇರೋರಿಗೆ... ಉಸ್ರಾಡೋಕೆ?”

“ಇರುವೆ ಹತ್ತದಿದ್ರೆ ಸಾಕು. ನೋಡು, ಇನ್ಮೇಲೆ ನಿಂಗೂ ಒಂದು ಕೊಡ್ತೀನಿ.”

“ನಂಗೆ ಬೇಡ! ನಾನು ಇಗರ್ಜೀಲಿ ಹಾಡೋನು! ನಂಗೆ ಸಿನಾಪತಿ ಇದ್ದಾಳೆ!”

“ಸಿನಾಪತಿಗೂ ಅರ್ಧ ಮುರ್ದು ಕೊಡು, ಬೇಡ ಅಂದೋರ್ಯಾರು?”

ಅಲ್ಲಿಗೆ ಪೆಸಮಿನೊನ ತಾಳ್ಮೆ ಮುಗಿಯಿತು. ಅವನು ತನ್ನ ಲೆಕ್ಕದಲ್ಲಿ ಪಿಸುಗುಟ್ಟಿದ. ಊರಿನ ಲೆಕ್ಕದಲ್ಲಿ ಅದು ತುತ್ತೂರಿ. “ಹೆಣ್ಮಕ್ಳನ್ನ ದೋಣಿಮನೇಲಿ ಬುಟ್ಟಿ ಕೆಳ್ಗೆ ಕವುಚಿಡೋ ಮಟಾಯಿನ ನಾನೆಲ್ಲೂ ಕಂಡಿಲ್ಲ!”

ಬೀದಿಯಲ್ಲಿ ಹೋಗುತ್ತಿದ್ದ ಸೆಫಿನಾ ನಿಂತಳು. ಯಾರನ್ನೂ ಏನೂ ಕೇಳಲಿಲ್ಲ. ಯಾರದೋ ಗೋಡೆಗೆ ಒರಗಿಸಿದ್ದ ದೋಣಿಯ ಹುಟ್ಟು ಎತ್ತಿಕೊಂಡು ನೇರ ದೋಣಿಮನೆಗೆ ನಡೆದಳು. ಹಿಂದೆ ಮಾಲಾಫು, “ಸೆಫಿನಾ, ಕೇಳೇ!” ಎನ್ನುತ್ತ. ಅವರ ಹಿಂದೆ ಊರು. ಊರಿನ ಹಿಂದೆ ಮರಿಹಂದಿ. ಸೆಫಿನಾ ಹುಟ್ಟಿನ ತುದಿಯಿಂದ ಬುಟ್ಟಿ ಎತ್ತಿದಳು.

ಎರಡು ಬನ್ನು. ಮೇಲೆ ಒಂದಿಷ್ಟು ಇರುವೆ.

ಪೆಸಮಿನೊ ಬಗ್ಗಿ ನೋಡಿ, “ಇವೇನಾ?” ಎಂದ, ಏನೋ ಕಳೆದುಕೊಂಡವನಂತೆ.

“ಹೆಣ್ಣಾಗಿದ್ರೂ ಕ್ಷಮಿಸ್ತಿದ್ನೇನೋ!” ಎಂದಳು ಸೆಫಿನಾ. “ಸಕ್ರೆ ಮುಟ್ಟಿದ್ರೆ ಕಾಲು ಹೋಗುತ್ತೆ ಅಂತ ಡಾಕ್ಟ್ರು ಹೇಳಿಲ್ವಾ? ನಾನ್ ದಿನಾ ಸೊಪ್ಪು ಬೇಯ್ಸಿ ಸಾಯ್ತಿದ್ರೆ, ಇಲ್ಲಿ ಕೆನೆ!” ಹುಟ್ಟು ಎರಡು ಸಲ ಮೇಲೆದ್ದಿತು. ಬನ್ನು ಬದುಕಲಿಲ್ಲ.

ಅಂದು ಸಂಜೆ ಪ್ರಾರ್ಥನೆಯ ಶಂಖ ಊದುವ ಮೊದಲೇ ಮಾಲಾಫು ಅವರ ಆಜ್ಞೆ ಬಂತು. ಬಟ್ಟಲು ಅಲೆಸಾನ ಕೂಗುತ್ತಾನೆ, ಮಾತು ಮುಗಿಯಿತು.

ಪೆಸಮಿನೊ ಹೊಸ್ತಿಲಲ್ಲಿ ಕೂತ. ತೆಂಗಿನಕಾಯಿ ತುರಿಯಲೂ ಇಲ್ಲ. “ನಮ್ಮಪ್ಪ ಸಾಯೋ ದಿನಾನೂ ಕೂಗಿ ಸತ್ತ,” ಎಂದ. “ನನ್ ಕಾಲಕ್ಕೆ ನಿಂತೋಯ್ತು. ಇನ್ನು ಗುರುವಾರ ಯಾಕೆ ಹೋಗ್ಲಿ? ಈ ಕಿವಿ ಕಟ್ಕೊಂಡು ಏನ್ ಮಾಡ್ಲಿ?”

“ನನ್ ಮಾತ್ ಕೇಳೋಕೆ!”  ಎಂದಳು ಸಿನಾಪತಿ. “ಮದ್ವೆಯಾದಾಗಿಂದ ಹೇಳಿದ್ದು ಅರ್ಧ ಹಂಗೇ ಉಳ್ದಿದೆ. ಅದನ್ನೆಲ್ಲ ಕೇಳ್ಸದೆ ನಿನ್ನ ಬಿಡಲ್ಲ. ಬಸ್ ಹತ್ತು!” ಹೇಳಿದ್ದು ಬೈಗುಳ. ಆದರೆ ಅವಳ ಕಣ್ಣು ತುಂಬಿತ್ತು, ನಾನು ನೋಡಿದೆ.

ಗುರುವಾರ ಡಾಕ್ಟರಮ್ಮ ಬೆನ್ನ ಹಿಂದೆ ಕೂರಲಿಲ್ಲ. ಲೀಟಾ ಹುಬ್ಬಿನ ವಿಷಯ ಬಿಡಿಸಿ ಹೇಳಿದ್ದಳು. ಆಕೆ ಗೊಳ್ಳೆಂದು ನಕ್ಕು, ಕುರ್ಚಿ ತಿರುಗಿಸಿ, ಯಂತ್ರವನ್ನು ಮೊಣಕಾಲಿನ ಮರೆಗಿಟ್ಟುಕೊಂಡು ಎದುರೇ ಕೂತರು. “ಕೈ ಬೇಡ. ಕೇಳಿಸಿದರೆ ಮಾತ್ರ ಹುಬ್ಬು. ಕೇಳಿಸದಿದ್ದರೆ ಸುಮ್ಮನಿರುವುದು ತಪ್ಪಲ್ಲ,” ಎಂದು ಲೀಟಾಳಿಂದ ಮತ್ತೆ ಮತ್ತೆ ಹೇಳಿಸಿದರು. ಆಮೇಲೆ ಮಾತು ಹೇಳಿ ತಿರುಗಿ ಹೇಳಿಸಿದರು, ಏನು ಕೆಲಸ ಮಾಡುತ್ತಿದ್ದಿರಿ ಎಂದು ವಿಚಾರಿಸಿದರು. ಪೆಸಮಿನೊ ಪ್ರಾಯದಲ್ಲೆಲ್ಲ ಮೀನುದೋಣಿ ನಡೆಸಿದವನು, ಬಲಗಡೆಯೇ ಇಂಜಿನು.

“ನಿಮ್ಮ ಎಡಗಿವಿ ಚೆನ್ನಾಗಿದೆ,” ಎಂದರು ಆಕೆ. “ಬಲಗಿವಿಗೆ ಸದ್ದು ಮುಟ್ಟುತ್ತೆ, ಮಾತು ಬಿಡಿಸಿ ಕೇಳಲ್ಲ. ಅದಕ್ಕೇ ಹದ್ದು ಹೋಗಿ ಹಂದಿ ಆಗೋದು. ಪಿಸುಮಾತಂತೂ ಪೂರ್ತಿ ಕಲಸಿಹೋಗುತ್ತೆ. ಇದಕ್ಕೆ ನಾಚಿಕೆ ಯಾಕೆ? ಮೊದಲೇ ಬರಬೇಕಿತ್ತು.”

ಮಾತುಗಾರ ಹಿರಿಯ ಕೂರುವುದು ಯಾವ ಕಡೆ? ಬಲಗಡೆ. ಸಿನಾಪತಿ ಮಲಗುವುದು? ಅದೂ ಬಲಗಡೆ. ಪೆಸಮಿನೊ ತಾನಾಗಿಯೇ ಬಲಗಿವಿಯನ್ನು ಡಾಕ್ಟರಮ್ಮನ ಕಡೆ ತಿರುಗಿಸಿದ.

ಬಲಗಿವಿಗೆ ಅವರೆಕಾಳಿನಷ್ಟು ಯಂತ್ರ ಕೂತಿತು. ಅದನ್ನು ತೆಗೆಯುವುದು, ಒರೆಸುವುದು, ಬ್ಯಾಟರಿ ಬದಲಿಸುವುದು ಎಲ್ಲವನ್ನೂ ಲೀಟಾ ಅವನ ಕೈಯಲ್ಲೇ ಮಾಡಿಸಿದಳು. ವಾಪಸು ಬರುವಾಗ ಅವನ ಕಾಟ ತಡೆಯಲಾಗಲಿಲ್ಲ. “ಏ, ನಿನ್ ಬಸ್ಸು ಇಷ್ಟ್ ಕೆಟ್ಟದಾಗಿ ಕಿರುಗುಟ್ಟುತ್ತಾ? ಇದ್ರಲ್ಲಾ ನಾವು ಇಷ್ಟ್ ವರ್ಷ ಓಡಾಡಿದ್ದು? ನಿಲ್ಸು, ಇಳ್ದು ನಡೀತೀನಿ!” ಮನೆಯಲ್ಲಿ ಸಿನಾಪತಿ ಉಳಿಸಿಟ್ಟದ್ದನ್ನೆಲ್ಲ ಒಂದೇ ಸಮನೆ ಹೇಳತೊಡಗಿದಳು. ಅವನು ಎರಡು ಗಂಟೆ ತಡೆದುಕೊಂಡು, ಯಂತ್ರ ತೊಳೆಯಬೇಕಂತೆ ಎಂದು ಕಡಲ ಕಡೆ ಹೋದ.

ಸಭೆಮನೆ ತೆರೆಯುವ ದಿನ ಬಂತು. ಲೋತೊಪಾದವರು ಬಂದರು. ಸಾಗಾಲು ಅವರ ಎದೆ ಈ ಸಲ ಇನ್ನೂ ಅಗಲವಾಗಿತ್ತು, ಮುಖ ಇನ್ನೂ ಬಿಗಿದಿತ್ತು. ಇವತ್ತು ತಪ್ಪಿದರೆ ತೆಂಗಿನ ಮರಗಳಲ್ಲ, ತಲೆಗಳೇ ಉರುಳುತ್ತವೆ ಎಂದು ಎರಡೂ ಊರಿಗೆ ಗೊತ್ತಿತ್ತು. ಪೆಸಮಿನೊ ಹಿಂದಿನ ಕಂಬದ ಪಕ್ಕ, ನನ್ನ ಜೊತೆ. ಮುಂದೆ ಅಲೆಸಾನ, ಮೈಗೆ ಎಣ್ಣೆ, ಕೊರಳಿಗೆ ಕೆಂಪು ಹಣ್ಣಿನ ಹಾರ.

ಮಾತುಗಾರ ಹಿರಿಯ ಅವನ ಕಿವಿಗೆ ಪಿಸುಗುಟ್ಟಿದ. ಅಲೆಸಾನ ಕಣ್ಣು ಅರೆ ಮುಚ್ಚಿ, ಸಾವಿನ ಸುದ್ದಿಯ ದನಿಯಲ್ಲಿ, ಮೃದುವಾಗಿ, ಸ್ಪಷ್ಟವಾಗಿ, ಒಂದಕ್ಷರ ತಪ್ಪದೆ ಹೇಳಿದ: “ಹದ್ದಿನ ಕಣ್ಣು... ನಿಮ್ಮ ಬಟ್ಟಲು ಬಂತು...”

ಯಾರೂ ಅಲ್ಲಾಡಲಿಲ್ಲ.

ಬಟ್ಟಲು ಹಿಡಿದವನು ನಡುಮನೆಯಲ್ಲಿ ದಾರಿ ತಪ್ಪಿದ ಆಡಿನಂತೆ ನಿಂತ. ಕೈ ಚಪ್ಪಾಳೆ ತಟ್ಟಿ ಬಟ್ಟಲು ತೆಗೆದುಕೊಳ್ಳಬೇಕಾದ ಸಾಗಾಲು ಸುಮ್ಮನೆ ಕೂತಿದ್ದರು. ಮಾಲಾಫು ಪಕ್ಕದವರನ್ನು ನೋಡಿದರು, ಪಕ್ಕದವರು ಸೂರು ನೋಡಿದರು. ಅಲೆಸಾನ ಮತ್ತೊಮ್ಮೆ ಹೇಳಿದ, ಇನ್ನೂ ಮೃದುವಾಗಿ. ಒಬ್ಬ ಮುದುಕ ಇನ್ನೊಬ್ಬನನ್ನು, “ಶುರು ಆಯ್ತಾ?” ಎಂದು ಕೇಳಿದ. ಸಾಗಾಲು ಅವರ ಮೂಗಿನ ಹೊಳ್ಳೆಗಳು ಅಗಲವಾದವು. ಬಟ್ಟಲು ತಂದು ಎದುರಿಗೆ ನಿಲ್ಲಿಸಿ, ಕರೆಯದೆ ಅವಮಾನ ಮಾಡುತ್ತಿದ್ದಾರೆ ಎಂದು ಅವರಿಗೆ ಖಾತ್ರಿಯಾಯಿತು. ಒಂದು ಮೊಣಕಾಲು ಊರಿದರು. ಹಿಂದೆ ಇಡೀ ಲೋತೊಪಾ ಮೊಣಕಾಲು ಊರಿತು.

ಪೆಸಮಿನೊ ನನ್ನ ತೋಳು ಹಿಂಡಿದ. “ಸರಿಯಾಗೇ ಹೇಳ್ದ ಕಣೋ. ಇಲ್ಲಿಗೇ ನಂಗೆ ಕೇಳುಸ್ತು. ಅವ್ರಿಗ್ಯಾಕೆ ಕೇಳುಸ್ತಿಲ್ಲ?” ಎಂದವನೇ ಎದ್ದ. ಮಾಲಾಫು ಅವರ ಕಡೆ ನೋಡಲಿಲ್ಲ, ಅಪ್ಪಣೆ ಕೇಳಲಿಲ್ಲ. ಎದೆ ತುಂಬ ಉಸಿರೆಳೆದುಕೊಂಡು, ಬಲಗಿವಿಯ ಯಂತ್ರವನ್ನು ಕಿತ್ತು ನನ್ನ ಅಂಗೈಗೆ ಹಾಕಿದ. ಯಂತ್ರ ಹಾಕಿಕೊಂಡು ತನ್ನ ದನಿಯನ್ನು ತಾನೇ ತಡೆದುಕೊಳ್ಳುವ ಶಕ್ತಿ ಅವನಿಗಿರಲಿಲ್ಲ.

“ಹದ್ದಿನ ಕಣ್ಣು! ನಿಮ್ಮ ಬಟ್ಟಲು ಬಂತು!”

ಹೊಸ ಸೂರಿನಿಂದ ಧೂಳು ಉದುರಿತು. ಸಾಗಾಲು ಅವರ ಮುಖ ಬೆಳಗಿತು. ಫಟ್ ಫಟ್ ಎಂದು ಕೈ ತಟ್ಟಿ ಬಟ್ಟಲು ಎತ್ತಿ ಒಂದೇ ಗುಟುಕಿಗೆ ಕುಡಿದರು. “ಕೂಗು ಅಂದ್ರೆ ಇದು!” ಎಂದರು. “ಹೋದ್ಸಲಾನೂ ಹೀಗೇ ಸರಿಯಾಗಿ ಕೂಗಿದ್ರೆ ಏನಾಗ್ತಿತ್ತಪ್ಪಾ?” ಮುಂದಿನ ಬಟ್ಟಲು ಮಾಲಾಫು ಅವರದು. ಅಲೆಸಾನ ಬಾಯಿ ತೆರೆದ. ಮಾಲಾಫು ಅವನಿಗೆ ಕೈ ಅಡ್ಡ ಹಿಡಿದು, ಕಂಬದ ಕಡೆ ತಿರುಗಿ, ಬೇಸರದಿಂದಲೇ ಹೇಳಿದರು: “ನೀನೇ ಕೂಗಯ್ಯ. ಇವನು ಬಾಯಿ ಆಡ್ಸೋದ್ ಮಾತ್ರ ಕಾಣುತ್ತೆ.”

ಹೀಗೆ ಪೆಸಮಿನೊ ಕೂಗುವವನಾಗಿಯೇ ಉಳಿದ. ಮಾತುಗಾರ ಪಿಸುಗುಟ್ಟುವಾಗ ಯಂತ್ರ ಕಿವಿಯಲ್ಲಿ, ಕೂಗುವಾಗ ಅಂಗೈಯಲ್ಲಿ. ನನಗೆ ಮಾತ್ರ ಹೊಸ ತಲೆನೋವು ಗಂಟುಬಿತ್ತು. ಮರುವಾರ ಡಾಕ್ಟರಮ್ಮ ತಮ್ಮ ದೇಶಕ್ಕೆ ಹೊರಡುವ ಮೊದಲು ನನ್ನ ಬಸ್ಸಿನ ತುಂಬ ಎರಡೂ ಹಳ್ಳಿಯ ಮಟಾಯಿಗಳು. ಒಬ್ಬರ ತೊಡೆಯ ಮೇಲೆ ಒಬ್ಬರು. ಒಬ್ಬೊಬ್ಬರೂ ಹತ್ತುವಾಗ, “ನಂಗೇನಾಗಿಲ್ಲ, ಇವ್ರನ್ನ ತೋರ್ಸೋಕೆ ಬಂದೆ,” ಎಂದು ಪಕ್ಕದವರನ್ನು ತೋರಿಸಿದರು. ಪಕ್ಕದವರು, “ಏನಂದ್ರಿ?” ಎಂದರು. ದಾರಿಯುದ್ದಕ್ಕೂ ಇದೇ. ಡಾಕ್ಟರಮ್ಮ ಕಿಟಕಿಯಿಂದ ಬಸ್ಸು ನೋಡಿ ತಮ್ಮ ವಿಮಾನವನ್ನು ಮುಂದಕ್ಕೆ ಹಾಕಿಸಿದರು.

ನನ್ನ ಕಿವಿಯನ್ನೂ ಆ ದಿನವೇ ನೋಡಿದರು, ಬಿಟ್ಟಿ ಸಿಕ್ಕರೆ ಬಿಡುವುದೇಕೆ? ಇಂಥ ಕಿವಿ ಈ ದ್ವೀಪದಲ್ಲಿಲ್ಲ ಎಂದರು. ಅದಕ್ಕೇ ಹೇಳುತ್ತಿದ್ದೇನೆ, ನೀವು ಬಂದು ಕೂತಾಗ ನಿಮ್ಮ ಚೀಲದಲ್ಲಿ ಡಬ್ಬಿಗೆ ಡಬ್ಬಿ ತಾಗಿತು. ಮೀನಿನದಲ್ಲ, ಮೀನಿನ ಡಬ್ಬಿಗೆ ಅಷ್ಟು ದಪ್ಪ ದನಿಯಿಲ್ಲ. ದನದ ಮಾಂಸದ್ದು, ಅದೂ ದೊಡ್ಡ ಡಬ್ಬಿ, ಎರಡು. ಒಂದನ್ನು ಇತ್ತ ಕೊಡಿ. ಚೀಲದಲ್ಲಿದ್ದದ್ದು ಒಂದೇ, ಇನ್ನೊಂದರ ಸದ್ದು ನನಗೆ ಕೇಳಿಸಲೇ ಇಲ್ಲ ಎಂದು ನಿಮ್ಮ ಹೆಂಡತಿಯ ಮುಂದೆ ಬೇಕಾದರೆ ಆಣೆ ಮಾಡುತ್ತೇನೆ.